ಹದಿನೆಂಟುನೂರ ಹದಿನೆಂಟರ ಒಂದಾಣೆ

ಹತ್ತು ಗಂಟೆಗೆ ಅಜ್ಜಿಯನ್ನು ಕರೆದುಕೊಂಡು ಬರುತ್ತೇನೆ ಎಂದು ಆ ಹುಡುಗಿ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಳು. ಎಂಟೂವರೆಯ ಹೊತ್ತಿಗೇ ರವಿಶಂಕರ ಉರಾಳರು ಎರಡು ಸಲ ಅಂಗಿ ಬದಲಾಯಿಸಿ, ಕೊನೆಗೆ ಮೊದಲು ಹಾಕಿದ್ದನ್ನೇ ಮತ್ತೆ ಹಾಕಿಕೊಂಡು, ಚಾವಡಿಯ ಕಿಟಕಿಯ ಹತ್ತಿರ ಕೂತಿದ್ದರು. ಸಾಲಿಗ್ರಾಮದ ಪೇಟೆಯಿಂದ ಸ್ವಲ್ಪ ಈಚೆ, ಹೆದ್ದಾರಿಗೆ ತಾಗಿದ ಮನೆ. ರಸ್ತೆ ಅಗಲ ಮಾಡುವಾಗ ಅಂಗಳ ಅರ್ಧ ಹೋಗಿ, ಈಗ ಲಾರಿ ಹಾದಾಗಲೆಲ್ಲ ಗಾಜಿನ ಕಪಾಟಿನೊಳಗಿನ ನಾಣ್ಯಗಳು ಹಲ್ಲು ಕಡಿದ ಹಾಗೆ ಸಣ್ಣಗೆ ಸದ್ದು ಮಾಡುತ್ತಿದ್ದವು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದ ಮನುಷ್ಯನನ್ನು ಬ್ರಹ್ಮಾವರದಿಂದ ಬೈಂದೂರಿನವರೆಗೆ ಜನ ಗುರುತಿಸುತ್ತಿದ್ದದ್ದು ಈ ಕಪಾಟಿನಿಂದ. ನಾಣ್ಯದ ಮಾಷ್ಟ್ರು. ಆ ಹೆಸರನ್ನು ಯಾರಾದರೂ ಬಸ್ಸಿನಲ್ಲಿ ಹಿಂದಿನಿಂದ ಕರೆದರೆ ತಿರುಗುವ ಮೊದಲು ಒಂದು ಕ್ಷಣ ತಡೆಯುವುದನ್ನು, ಇನ್ನೊಮ್ಮೆ ಕರೆಯಲಿ ಎಂದು ಕಾಯುವುದನ್ನು, ಅವರು ತಮಗೆ ಗೊತ್ತಿಲ್ಲದ ಹಾಗೆಯೇ ಅಭ್ಯಾಸ ಮಾಡಿಕೊಂಡಿದ್ದರು.

“ಎಂತ, ಹೆಣ್ ಕಾಂಬುಕೆ ಬತ್ರಾ?” ಹೆಂಡತಿ ಪಂಕಜಾಕ್ಷಿ ಕಸಬರಿಗೆ ಹಿಡಿದು ಅವರ ಕಾಲ ಬುಡಕ್ಕೇ ಬಂದು ನಿಂತಳು. “ಆ ಮರವಂತೆ ಸುಂದರಿ ಬಪ್ಪುಕೆ ಇಷ್ಟ್ ಶೃಂಗಾರ್ವಾ?” ಅವರು ಕಾಲು ಮೇಲೆತ್ತಿದರು. ಆ ಹುಡುಗಿಯ ಅಜ್ಜಿಯ ಹೆಸರನ್ನು ಹೆಂಡತಿಯ ಬಾಯಲ್ಲಿ ಕೇಳಿದ್ದೇ ಕಿಟಕಿಯಿಂದ ಕಣ್ಣು ತೆಗೆದು ನೆಲ ನೋಡಿದರು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗರನ್ನು ಎದ್ದು ನಿಲ್ಲಿಸಿದಾಗ ಅವರೂ ಹೀಗೇ ನೆಲ ನೋಡುತ್ತಿದ್ದರು. ಎಷ್ಟು ಹುಡುಗರನ್ನು ನಿಲ್ಲಿಸಿದ್ದರು! ಒಬ್ಬನ ಹೆಸರೂ ಈಗ ನೆನಪಿಗೆ ಬರಲಿಲ್ಲ. ಹನ್ನೆರಡು ವರ್ಷದ ಹಿಂದೆ ಕುಂದಾಪುರದ ಒಂದು ಸಭಾಭವನದಲ್ಲಿ ಅವರ ನಾಣ್ಯಗಳ ಪ್ರದರ್ಶನ ನಡೆದಿತ್ತು. ಬಿಳಿ ಬಟ್ಟೆ ಹಾಸಿದ ಆರು ಮೇಜು, ಮೇಲೆ ಗಾಜು, ಕೊರಳಿಗೆ ಗುರುತಿನ ಚೀಟಿ, ಹೆಗಲ ಮೇಲೆ ಬೆಳಿಗ್ಗೆ ಹೊದಿಸಿದ ಶಾಲು. ಶಾಲಿನ ಜರಿ ಕುತ್ತಿಗೆಗೆ ಚುಚ್ಚುತ್ತಿದ್ದರೂ ತೆಗೆದಿರಲಿಲ್ಲ. ಮೊದಲ ಮೇಜಿನ ನಟ್ಟನಡುವೆ ಕೆಂಪು ಮಖಮಲ್ಲಿನ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಒಂದಾಣೆ. ಒಂದು ಬದಿಗೆ ರಾಮಪಟ್ಟಾಭಿಷೇಕ, ಇನ್ನೊಂದು ಬದಿಗೆ ಇಂಗ್ಲಿಷ್ ಅಕ್ಷರದಲ್ಲಿ ಕಂಪನಿಯ ಹೆಸರು, 1818 ಎಂಬ ಇಸವಿ. ಸಂಗ್ರಹ ಶುರು ಮಾಡಿದ ಕಾಲದಲ್ಲಿ, ಮುಂಬಯಿಯ ಹೋಟೆಲಿನಿಂದ ರಜೆಗೆ ಬಂದ ಪ್ರೇಮಾನಂದ ಎಂಬವನಿಂದ ಒಂದೂವರೆ ತಿಂಗಳ ಸಂಬಳ ಸುರಿದು ಕೊಂಡದ್ದು ಅದು.

ಅದು ನಾಣ್ಯವೇ ಅಲ್ಲವೆಂದು ಆ ಪ್ರದರ್ಶನದ ಹೊತ್ತಿಗೆ ಅವರಿಗೆ ಗೊತ್ತಾಗಿ ನಾಲ್ಕು ವರ್ಷವಾಗಿತ್ತು. ಮೈಸೂರಿನಲ್ಲಿ ಒಬ್ಬ ಮುದಿ ವ್ಯಾಪಾರಿಗೆ ತೋರಿಸಲು ಒಯ್ದಿದ್ದರು. ಅವನು ತಲೆಯೆತ್ತಿ ನೋಡಲೂ ಇಲ್ಲ. ಬೆರಳಿನಲ್ಲಿ ಒಮ್ಮೆ ತೂಗಿ, ಕಾಲ ಬಳಿಯಿದ್ದ ನೀಲಿ ಪ್ಲಾಸ್ಟಿಕ್ ಬೋಗುಣಿಯನ್ನು ಪಾದದಿಂದಲೇ ಮುಂದಕ್ಕೆ ತಳ್ಳಿದ. ಬೋಗುಣಿಯ ತುಂಬ ಅಂಥವೇ, ಅದೇ ರಾಮ, ಅದೇ ಸೀತೆ, ಅದೇ ಇಸವಿ. “ಇಪ್ಪತ್ತು ರೂಪಾಯಿಗೊಂದು ತಗೊಳ್ಳಿ ಸ್ವಾಮಿ. ಹತ್ತು ತಗೊಂಡರೆ ಹದಿನೈದರಂತೆ.” ಕಂಪನಿಯವರು ತಾಮ್ರದಲ್ಲಿ ಅರ್ಧ ಆಣೆಯ ಮೇಲೆ ಹೋದವರೇ ಅಲ್ಲ, ಒಂದಾಣೆ ಬಂದದ್ದು ಆಮೇಲೆ, ಅವರು ಹೋಗಿ ಎಷ್ಟೋ ಕಾಲದ ಮೇಲೆ. ಇದು ತೀರ್ಥಕ್ಷೇತ್ರಗಳ ಅಂಗಡಿಯಲ್ಲಿ ದೇವರಗೂಡಿಗೆಂದು ಮಾರುವ ಹಿತ್ತಾಳೆ ಬಿಲ್ಲೆ. ಇಷ್ಟು ಸರಳ ವಿಷಯ ಸಮಾಜ ಪಾಠದ ಮಾಷ್ಟ್ರಿಗೆ ತಿಳಿದಿರಲಿಲ್ಲ. ಬೋಗುಣಿಯಲ್ಲಿ ತಮ್ಮದು ಬೆರೆತುಹೋಗಬಾರದೆಂದು ಅದನ್ನು ಗಡಿಬಿಡಿಯಲ್ಲಿ ಕಿಸೆಗೆ ಹಾಕಿಕೊಂಡದ್ದು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತಿತ್ತು. ಬೆರೆತಿದ್ದರೆ ಏನಾಗುತ್ತಿತ್ತು? ಯಾವುದು ನನ್ನದೆಂದು ಹೇಗೆ ಗುರುತು ಹಿಡಿಯುತ್ತಿದ್ದೆ? ಊರಿಗೆ ಬಂದು ಅದನ್ನು ಮತ್ತೆ ಮಖಮಲ್ಲಿನ ಮೇಲೆಯೇ ಇಟ್ಟರು. ಹೆಡ್ಮಾಷ್ಟ್ರು ನೋಡಿದ್ದಾರೆ, ದೇವಸ್ಥಾನದ ಮೊಕ್ತೇಸರರು ನೋಡಿದ್ದಾರೆ, ಅಲ್ಲಿ ಒಂದು ಗುಂಡಗಿನ ಖಾಲಿ ಜಾಗ ಕಂಡರೆ ಎಲ್ಲಿ ಹೋಯಿತೆಂದು ಕೇಳುತ್ತಾರೆ.

ಪ್ರದರ್ಶನದ ಮಧ್ಯಾಹ್ನ ಜನರ ನಡುವೆ ದಾರಿ ತೆರೆದುಕೊಂಡಿತು. ಯಾರೋ ದೊಡ್ಡವರು ಬಂದರೆಂದು ಉರಾಳರು ಶಾಲು ಸರಿ ಮಾಡಿಕೊಂಡರು. ಬಂದದ್ದು ಮೀನಿನ ಬುಟ್ಟಿಯನ್ನು ಹೊರಗಿಟ್ಟು ಬಂದ ಹೆಂಗಸು, ಮರವಂತೆಯ ಸುಂದರಿ. ಜನ ದಾರಿ ಬಿಟ್ಟದ್ದು ವಾಸನೆಗೆ. “ಕೈ ತೊಳ್ಕಂಡೇ ಬಂದದ್ ಮಾಷ್ಟ್ರೆ,” ಎನ್ನುತ್ತ ಅವಳು ಸೆರಗಿನ ತುದಿಯ ಗಂಟು ಬಿಚ್ಚಿದಳು. ಆ ಮಳೆಗಾಲ ಮರವಂತೆಯಲ್ಲಿ ಕಡಲು ಮೇಲೆ ಬಂದು ನಾಲ್ಕು ತೆಂಗಿನಮರ ನುಂಗಿ ಹಿಂದೆ ಹೋದಾಗ, ಬೇರಿನ ಬುಡದ ಮರಳಿನಲ್ಲಿ ಸಿಕ್ಕಿತಂತೆ. ಮುಟ್ಟುವ ಮೊದಲೇ ಉರಾಳರಿಗೆ ಗೊತ್ತಾಗಿತ್ತು. ಅದೇ ರಾಮ, ಅದೇ ಇಸವಿ. ಉಪ್ಪುನೀರಿಗೆ ಹಸಿರುಗಟ್ಟಿ ಅವರದಕ್ಕಿಂತ ಹಳೆಯದಾಗಿ ಕಾಣುತ್ತಿತ್ತು, ಅಷ್ಟೆ. ಎರಡು ಸೆಕೆಂಡು ಸಿಕ್ಕಿತ್ತು ಅವರಿಗೆ. ಪತ್ರಿಕೆಯ ಹುಡುಗ ಕ್ಯಾಮೆರಾ ಎತ್ತಿದ್ದ. ಯಾರೋ ಹೇಳಿಯೂ ಬಿಟ್ಟರು, “ಹ್ವಾಯ್, ಮಾಷ್ಟ್ರ ಹತ್ರ ಇದ್ದದ್ದೇ ಇದ್!” ಸುಂದರಿಯದು ಸುಳ್ಳೆಂದರೆ ಮಖಮಲ್ಲಿನ ಮೇಲಿನದೂ ಸುಳ್ಳು. ಉರಾಳರು ಕನ್ನಡಕ ಏರಿಸಿ, ಭೂತಕನ್ನಡಿ ಹಿಡಿದು, ಊರ ಮಾತನ್ನು ಬಿಟ್ಟು, ಪಾಠ ಮಾಡುವ ಕನ್ನಡದಲ್ಲಿ ಹೇಳಿದರು: “ಇದು ಅತ್ಯಂತ ಅಪರೂಪದ್ದು. ಇದಕ್ಕೆ ಬೆಲೆ ಕಟ್ಟಲು ಸಾಧ್ಯವಿಲ್ಲ.” ಮರುದಿನ ಫೋಟೋ ಸಮೇತ ಅದೇ ಮಾತು ಅಚ್ಚಾಯಿತು. ಆ ಎರಡನೆಯ ವಾಕ್ಯವನ್ನು ಅವರು ಹನ್ನೆರಡು ವರ್ಷ ಒಳಗೊಳಗೇ ತಿರುಗಿಸಿ ತಿರುಗಿಸಿ ನೋಡಿದ್ದರು. ವ್ಯಾಕರಣದ ಪ್ರಕಾರ ಅದರಲ್ಲಿ ಸುಳ್ಳಿರಲಿಲ್ಲ.

ಹತ್ತೂಕಾಲಿಗೆ ಗೇಟಿನ ಸದ್ದಾಯಿತು. ಹುಡುಗಿ ನಿಶ್ಮಿತಾ ಮುಂದೆ, ಸುಂದರಿ ಹಿಂದೆ, ಕೈಯಲ್ಲಿ ನಾಲ್ಕು ತೆಂಗಿನಕಾಯಿಯ ಚೀಲ. ಹುಡುಗಿ ಹೆಮ್ಮಾಡಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಆಧಾರ್, ಪಹಣಿ, ಎಲ್ಲ ಅರ್ಜಿ ತುಂಬಿಸಿ ಕೊಡುತ್ತಾಳೆ. ಅವಳು ಸೋಫಾದ ಮೇಲೆ ಕೂತಳು. ಸುಂದರಿ ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕೂತಳು. “ಒಳ್ಗ್ ಬಾ, ಕೂಕೊ,” ಎಂದರು ಉರಾಳರು, ತನಗಿಂತ ಹತ್ತು ವರ್ಷ ದೊಡ್ಡವಳನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ ಎಂಬುದು ಕರೆದ ಮೇಲೆ ಹೊಳೆದು. “ಇಲ್ಲ್ ಗಾಳಿ ಇತ್ತ್ ಮಾಷ್ಟ್ರೆ,” ಎಂದಳು ಅವಳು. ಪಂಕಜಾಕ್ಷಿ ಕಾಫಿ ತಂದಳು. ಉರಾಳರಿಗೆ ಸ್ಟೀಲಿನ ಲೋಟ. ಅವರಿಬ್ಬರಿಗೆ ಯಾವುದೋ ಉಪನಯನದಲ್ಲಿ ಉಳಿದ ಕಾಗದದ ಕಪ್ಪು. ನಿಶ್ಮಿತಾ ಒಮ್ಮೆ ಲೋಟವನ್ನೂ ಒಮ್ಮೆ ಕಪ್ಪನ್ನೂ ನೋಡಿ, ಕುಡಿಯದೆ ಟೀಪಾಯಿಯ ಮೇಲಿಟ್ಟಳು. ಉರಾಳರು ಅದನ್ನು ಕಂಡರು. ಕಂಡು, ತಮ್ಮ ಕಾಫಿಗೆ ಸಕ್ಕರೆ ಸಾಲದೆಂಬಂತೆ ಚಮಚ ತಿರುಗಿಸಿದರು.

ಸುಂದರಿ ಹಳೆಯ ಪೌಡರ್ ಡಬ್ಬಿಯಿಂದ ಆ ಒಂದಾಣೆಯನ್ನು ತೆಗೆದು ಹುಡುಗಿಯ ಕೈಗೆ ಕೊಟ್ಟಳು, ಹುಡುಗಿ ಅದನ್ನು ಉರಾಳರ ಅಂಗೈಗಿಟ್ಟಳು. ಜೊತೆಯಲ್ಲೇ ನಾಲ್ಕು ಮಡಿಕೆಯ ಪತ್ರಿಕೆಯ ತುಂಡೂ ಇತ್ತು. “ಇದನ್ ಪಾಲ್ ಮಾಡ್ಕ್ ಮಾಷ್ಟ್ರೆ. ನಂಗೆ ಎಪ್ಪತ್ತೇಳ್ ಆಯ್ತ್. ನೀವ್ ಒಂದ್ ರೇಟ್ ಬರ್ದ್ ಕೊಡಿ. ಅರ್ಧ ಕಿಟ್ಟನಿಗೆ, ಅರ್ಧ ಈ ಹೆಣ್ಣಿಗೆ. ಮುತ್ತನ್ ಪಾಲ್ ಇವ್ಳಿಗೆ ಬರ್ಕಲ್ದಾ?”

ಮುತ್ತ ಅವಳ ಹಿರೇ ಮಗ, ನಿಶ್ಮಿತಾಳ ಅಪ್ಪ. ಕಿಟ್ಟ ಕಿರಿಯವನು. ಇಬ್ಬರದೂ ಸೇರಿ ಒಂದು ದೋಣಿ ಇತ್ತು. ಮುತ್ತ ತೀರಿಹೋದದ್ದು ಉರಾಳರಿಗೆ ಗೊತ್ತಿತ್ತು. ಏಳು ವರ್ಷದ ಹಿಂದೆ ಗಂಗೊಳ್ಳಿಯ ಅಳಿವೆಯಲ್ಲಿ ಬೋಟು ಮಗುಚಿತು ಎಂದು ಪೇಪರಿನಲ್ಲಿ ಓದಿದ್ದರು, ಹೆಸರಿನ ಕೆಳಗೆ ಮರವಂತೆ ಎಂದಿದ್ದದ್ದನ್ನು ನೋಡಿ ಪುಟ ಮಗುಚಿದ್ದರು. ಉಳಿದದ್ದು ಗೊತ್ತಿರಲಿಲ್ಲ. ಅದನ್ನು ಸುಂದರಿ ಮೆಟ್ಟಿಲ ಮೇಲೆ ಕೂತು, ರಸ್ತೆಯ ಕಡೆ ನೋಡುತ್ತ, ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿದಳು.

“ಒಂದ್ಸಲ ಇದ್ ಕಾಣೆ ಆಯ್ತ್. ಡಬ್ಬಿ ಸಮೇತ ಇಲ್ಲೆ. ಮುತ್ತ ಆಗ ಮುಂಬೈಗ್ ಹೋಯಿ ಬಂದವ. ಕಿಟ್ಟ ಅಣ್ಣನತ್ರ ಕೇಂಡ, ನೀನ್ ಅಲ್ಲ್ ಮಾರಿ ಬಂದ್ಯಾ ಅಂದೇಳಿ. ಅಷ್ಟೇ ಕೇಂಡದ್. ಮುತ್ತ ಮಾತಾಡ್ಲಿಲ್ಲೆ. ಮಾರನೇ ದಿನ ದೋಣಿ ಬಿಟ್ಟ, ಹೆಂಡ್ತಿ ಮಗಿನ್ ಕರ್ಕಂಡ್ ಬೇರೆ ಹೋದ. ಗಂಗೊಳ್ಳಿ ಬೋಟಿಗೆ ಕೂಲಿಗ್ ಸೇರ್ದ. ಮೂರ್ ತಿಂಗ್ಳ್ ಕಳ್ದ್ ಅಕ್ಕಿ ಕಟ್ಟಿದ್ ಹುಲ್ಲಿನ್ ಮುಡಿ ಬಿಚ್ಚುವತಿಗೆ ಡಬ್ಬಿ ಸಿಕ್ತ್. ನಾನೇ ಇಟ್ಟದ್. ಕಳ್ರ್ ಬಂದ್ರೆ ಅಂದೇಳಿ ಮುಡಿಯೊಳ್ಗ್ ಇಟ್ಟಿದ್ದೆ, ಮರ್ತೇ ಹೋಯಿತ್ತ್.” ಅವಳು ಕಾಗದದ ಕಪ್ಪಿನ ತಳದಲ್ಲಿದ್ದದ್ದನ್ನು ಕುಡಿದಳು. “ಸಿಕ್ತ್ ಅಂದೇಳಿ ನಾನೇ ಹೋಯಿ ಹೇಳ್ದೆ. ಮುತ್ತ ಹೇಳ್ದ, ಅಬ್ಬೀ, ಅದ್ ಸಿಕ್ತ್, ನಾನ್ ಸಿಕ್ಕೂದಿಲ್ಲೆ. ಎರಡ್ ವರ್ಷ ಅಣ್ಣತಮ್ಮ ಮುಖ ಕಾಣ್ಲಿಲ್ಲೆ. ಆಮೇಲ್ ಅಳಿವೇಲ್ ಹೋದ.”

ಉರಾಳರು ಅಂಗೈಯಲ್ಲಿದ್ದ ಬಿಲ್ಲೆಯನ್ನು ನೋಡಿದರು. ದಿನಾ ಒರೆಸಿ ಒರೆಸಿ ಹಸಿರೆಲ್ಲ ಹೋಗಿ ಹಿತ್ತಾಳೆ ಹೊಳೆಯುತ್ತಿತ್ತು. ರಾಮನ ಮೂಗು ಸವೆದಿತ್ತು. ಯಾರಾದರೂ ಈಗ ನೋಡಿದರೆ ಸಾಕು, ಎರಡನೇ ಕ್ಲಾಸಿನ ಮಗು ಕೂಡ ಹೇಳಿಬಿಡಬಹುದು. ಬೆಳಿಗ್ಗೆಯಿಂದ ಅವರು ಸಿದ್ಧ ಮಾಡಿಟ್ಟುಕೊಂಡದ್ದು ಬೇರೆ ಮಾತು. ಈಚೆಗೆ ಸಂಶೋಧನೆಗಳು ಬಂದಿವೆ, ಅಭಿಪ್ರಾಯಗಳು ಬದಲಾಗಿವೆ ಎಂದು ಮೆತ್ತಗೆ ಇಳಿಸಬೇಕೆಂದಿದ್ದರು. ಆ ವಾಕ್ಯಗಳು ಈಗ ಒಂದೂ ಬಾಯಿಗೆ ಬರಲಿಲ್ಲ. ಹೊರಗೆ ಒಂದು ಟ್ಯಾಂಕರು ಹಾದು ಕಪಾಟು ಕಿಣಿಕಿಣಿ ಅಂದಿತು. “ಇದ್ ನಾಣ್ಯ ಅಲ್ಲ,” ಎಂದರು. ದನಿ ತಮ್ಮದೇ ಎನ್ನಿಸಲಿಲ್ಲ. “ದೇವಸ್ಥಾನದ ಎದ್ರಿನ್ ಅಂಗ್ಡೀಲ್ ಸಿಕ್ಕುವ ಬಿಲ್ಲೆ. ಇಪ್ಪತ್ ರೂಪಾಯಿ. ನಂಗ್ ಅವತ್ತೇ ಗೊತ್ತಿತ್ತ್. ನಾನ್ ಸುಳ್ಳ್ ಹೇಳ್ದೆ.”

ಹೇಳಿದ್ದೇ ಎದೆಯೊಳಗಿಂದ ಏನೋ ಕಳಚಿ ಬಿದ್ದಂತಾಯಿತು. ನಾಚಿಕೆಗೇಡಿನ ಒಂದು ಹಗುರ. ಅವರು ಎದ್ದು ಕಪಾಟು ತೆರೆದು, ಸಾಕ್ಷಿಗೆಂಬಂತೆ, ಮಖಮಲ್ಲಿನ ಮೇಲಿನ ತಮ್ಮದನ್ನೂ ತೆಗೆದು ತಂದು ಪಕ್ಕದಲ್ಲಿ ಹಿಡಿದರು. “ಕಾಣಿ. ಎರಡೂ ಒಂದೇ. ನನ್ನದೂ ಸುಳ್ಳೇ.” ಅವರ ಕೈ ನಡುಗಿ ಒಂದಕ್ಕೊಂದು ತಾಗಿ ಸದ್ದಾಯಿತು.

ಸುಂದರಿ ಮೆಟ್ಟಿಲಿನಿಂದಲೇ ಕತ್ತು ಚಾಚಿ ಎರಡನ್ನೂ ನೋಡಿದಳು. ತುಂಬ ಹೊತ್ತು ನೋಡಿ, ಕೇಳಿದಳು: “ಹಾಂಗಾರೆ ಮಾಷ್ಟ್ರೆ, ನಿಮ್ದನ್ ಎಂತಕ್ಕೆ ಗಾಜಿನೊಳ್ಗ್ ಇಟ್ಕಂಡದ್?”

ಉತ್ತರ ಕೊಡಬೇಕಾದಲ್ಲಿ ಅವರು ಇನ್ನೊಂದು ತಪ್ಪು ಮಾಡಿದರು. “ನಾನ್ ಇಪ್ಪತ್ತೈದ್ ಸಾವಿರ ಕೊಡ್ತೆ. ತಪ್ಪ್ ನಂದಲ್ದಾ. ಇದನ್ ನಂಗೆ ಕೊಟ್ಟ್ ಹೋಯ್ನಿ.” ನಿಶ್ಮಿತಾ ಥಟ್ಟನೆ ಎದ್ದು ಅವರ ಅಂಗೈಯಿಂದ ಮೂಗು ಸವೆದ ತಮ್ಮ ಬಿಲ್ಲೆಯನ್ನು ತೆಗೆದುಕೊಂಡಳು. “ಇಪ್ಪತ್ ರೂಪಾಯಿ ವಸ್ತಿಗೆ ಇಪ್ಪತ್ತೈದ್ ಸಾವಿರ ಯಾರ್ ಕೊಡ್ತ್ರ್ ಸರ್? ನಾನ್ ಯೂಟ್ಯೂಬಂಗ್ ಕಂಡಿದ್ದೆ. ಲಕ್ಷಗಟ್ಲೆ ಹೇಳ್ತ್ರ್ ಅದ್ರಂಗೆ. ನಮ್ಗ್ ಗೊತ್ತಾತಿಲ್ಲೆ ಅಂದ್ಕಂಡ್ರ್ಯಾ?” ಅವಳ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ತೃಪ್ತಿ ಇತ್ತು. ಇಂಥವರು ಹೀಗೇ ಎಂದು ಮನೆಯಿಂದ ಹೊರಡುವಾಗಲೇ ತಿಳಿದಿದ್ದು, ಅದು ಈಗ ನಿಜವಾದ ಹಾಗೆ. ಯಾವನ ಸುಳ್ಳನ್ನು ಎರಡು ತಾಲೂಕು ನಂಬಿತೋ ಅವನ ಒಂದೇ ಒಂದು ಸತ್ಯವನ್ನು ನಂಬಲು ಒಬ್ಬ ಹುಡುಗಿಯೂ ಸಿಗಲಿಲ್ಲ. ಸುಂದರಿ ಸೆರಗು ಕೊಡವಿ ಎದ್ದಳು. ತೆಂಗಿನಕಾಯಿಯ ಚೀಲವನ್ನು ಗೋಡೆಗೆ ಒರಗಿಸಿ ಇಟ್ಟು, ಖಾಲಿ ಕಪ್ಪನ್ನು ತಾನೇ ಮಡಿಸಿ ಕೈಯಲ್ಲಿ ಹಿಡಿದುಕೊಂಡು ಹೋದಳು.

ಆ ದಿನವಿಡೀ ಉರಾಳರು ಆ ಹಗುರವನ್ನು ಹುಡುಕಿದರು. ಅರ್ಧ ನಿಮಿಷ ಇದ್ದು ಹೋದದ್ದು ಮತ್ತೆ ಬರಲಿಲ್ಲ. ಸಂಜೆ ಸ್ನಾನ ಮಾಡುವಾಗ ಅವರಿಗೆ ಕಾರಣ ಹೊಳೆಯಿತು, ಅಥವಾ ಹೊಳೆಯಿತೆಂದು ಅನ್ನಿಸಿತು. ಅವರು ಅರ್ಧ ಮಾತ್ರ ಒಪ್ಪಿಕೊಂಡಿದ್ದರು. ತಮ್ಮ ಸುಳ್ಳಿನಿಂದ ಅಣ್ಣನನ್ನು ಕಳೆದುಕೊಂಡವನು ಕಿಟ್ಟ. ಅವನ ಎದುರು ನಿಲ್ಲಬೇಕು. ಅವನು ಬೈದರೆ ಬೈಸಿಕೊಳ್ಳಬೇಕು, ಕೈ ಎತ್ತಿದರೆ ಹೊಡೆಸಿಕೊಳ್ಳಬೇಕು. ಹೊಡೆಸಿಕೊಳ್ಳುವ ಚಿತ್ರ ಮನಸ್ಸಿನಲ್ಲಿ ಎಷ್ಟು ಸ್ಪಷ್ಟವಾಗಿ ಬಂತೆಂದರೆ, ಕನ್ನಡಕ ತೆಗೆದು ಕಿಸೆಯಲ್ಲಿಟ್ಟುಕೊಳ್ಳುವುದನ್ನೂ ಅವರು ಕಂಡರು. ಮರುದಿನ ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬೈಂದೂರಿನ ಬಸ್ಸು. ಹೆಮ್ಮಾಡಿ ದಾಟುವಾಗ ಯಾವ ಝೆರಾಕ್ಸ್ ಅಂಗಡಿಯೂ ಕಾಣದಿರಲೆಂದು ಎಡಕ್ಕೆ ತಿರುಗಿ ಕೂತರು. ಪಕ್ಕದವನು ನಕ್ಕು, “ನಾಣ್ಯದ ಮಾಷ್ಟ್ರಲ್ದಾ? ದೂರ?” ಎಂದ. “ಇಲ್ಲೇ, ಒಬ್ರನ್ನ್ ಕಾಂಬುಕಿತ್ತ್,” ಎಂದರು, ಆ ಹೆಸರು ಇವತ್ತೂ ಒಳಗೆ ಎಲ್ಲೋ ಸಿಹಿಯಾಗಿ ಮುಟ್ಟಿದ್ದಕ್ಕೆ ತಮ್ಮ ಮೇಲೆಯೇ ಹೇಸಿಗೆಪಟ್ಟುಕೊಂಡು. ತ್ರಾಸಿ ದಾಟಿದ ಮೇಲೆ ಒಂದು ಬದಿಗೆ ಕಡಲು, ಒಂದು ಬದಿಗೆ ಹೊಳೆ. ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಕಿಟ್ಟ ಕಡಲಿಗೆ ಹಾಕಿದ ಕಲ್ಲಿನ ಗೋಡೆಯ ಈಚೆ, ಸೋಗೆಯ ಚಪ್ಪರದ ಕೆಳಗೆ ಬಲೆ ಹರಡಿಕೊಂಡು ಹರಿದಲ್ಲಿ ಹೊಲಿಯುತ್ತಿದ್ದ. ಐವತ್ತರ ಆಸುಪಾಸು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾಷ್ಟ್ರನ್ನು ಕಂಡು ಎದ್ದು, ಪ್ಲಾಸ್ಟಿಕ್ ಕುರ್ಚಿಯನ್ನು ಲುಂಗಿಯ ತುದಿಯಿಂದ ಒರೆಸಿ ಇಟ್ಟ. ಸುಂದರಿ ಮನೆಯಲ್ಲಿರಲಿಲ್ಲ, ರೇಷನ್ ಅಂಗಡಿಗೆ ಹೋಗಿದ್ದಳು. ಉರಾಳರು ಕೂರಲಿಲ್ಲ. ನಿಂತುಕೊಂಡೇ, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದರು. ಪ್ರೇಮಾನಂದ, ಮೈಸೂರಿನ ಬೋಗುಣಿ, ಕ್ಯಾಮೆರಾ, ಸುಳ್ಳು. ಹೇಳುತ್ತ ಹೇಳುತ್ತ ತಮ್ಮ ಮಾತಿನಲ್ಲಿ ಒಂದು ಲಯ ಬಂದದ್ದು, ಪಾಠ ಚೆನ್ನಾಗಿ ನಡೆದ ದಿನದ ಹಾಗೆ ವಾಕ್ಯಗಳು ತಾವಾಗಿಯೇ ಬಂದು ನಿಲ್ಲುತ್ತಿದ್ದದ್ದು ಅವರಿಗೇ ಕೇಳಿಸಿತು. “ನಿನ್ ಅಣ್ಣ ಸತ್ತದ್ದಕ್ಕೆ ನಾನೇ ಕಾರಣ,” ಎಂದು ಮುಗಿಸಿ, ಕನ್ನಡಕ ತೆಗೆದರು.

ಕಿಟ್ಟ ಸೂಜಿಯನ್ನು ಬಲೆಯ ಕಣ್ಣಿಗೆ ಸಿಕ್ಕಿಸಿ ಇಟ್ಟ. “ನಂಗ್ ಗೊತ್ತಿತ್ತ್ ಮಾಷ್ಟ್ರೆ,” ಎಂದ.

“ಎಂತ ಗೊತ್ತಿತ್ತ್?”

“ಅದ್ ಬಿಲ್ಲೆ ಅಂದೇಳಿ. ಅಣ್ಣ ಅಳಿವೇಲ್ ಹೋಯಿ ಒಂದ್ ತಿಂಗ್ಳಿಗೆ ಗೊತ್ತಾಯ್ತ್. ನಾನ್ ರತ್ನಗಿರಿ ಬೋಟಿಗ್ ಹೋಯಿದ್ದೆ. ಬೋಟ್ ನಡ್ಸು ತಾಂಡೇಲನ್ ದೇವ್ರ್ ಪಟದ್ ಬುಡಕ್ಕೆ ಅಂಥದ್ ಮೂರ್ ಇದ್ದಿತ್ತ್. ಎಷ್ಟ್ ಕೊಟ್ಟ್ ತಂದದ್ ಕೇಂಡೆ. ನೆಗಾಡ್ದ.” ಅವನು ಕಡಲಿನ ಕಡೆ ನೋಡಿದ. “ಅವತ್ ಬೋಟಿನ್ ಹಿಂದ್ ಹೋಯಿ ಕೂಕಂಡೆ. ಮನೀಗ್ ಬಂದ್ ಯಾರತ್ರೂ ಹೇಳ್ಲಿಲ್ಲೆ.”

“ಯಾಕೆ?” ಉರಾಳರಿಗೆ ಅದು ಪ್ರಶ್ನೆಗಿಂತ ಹೆಚ್ಚಾಗಿ ತಕರಾರಿನಂತೆ ಬಂತು.

“ಯಾಕಾ? ಅಬ್ಬಿ ಏಳ್ ವರ್ಷದಿಂದ ಊರಂಗೆಲ್ಲ ಹೇಳ್ಕಂಡ್ ತಿರ್ಗುದ್ ಎಂತ? ದೊಡ್ಡ ವಸ್ತಿ ಸಿಕ್ತ್, ಅದ್ಕ್ ಮಕ್ಳ್ ಬೇರೆ ಆದ್ರ್ ಅಂದೇಳಿ. ದೊಡ್ಡದಕ್ಕೆ ಜಗಳ ಮಾಡ್ಕಂಡ್ರೆ ಅದ್ಕೂ ಒಂದ್ ಮಾನ ಇತ್ತ್ ಮಾಷ್ಟ್ರೆ. ರಾಜ್ರೂ ಮಾಡ್ಕಂತ್ರ್. ಇಪ್ಪತ್ ರೂಪಾಯಿಗ್ ನನ್ ಮಗ ಹೋದ ಅಂದೇಳಿ ಅವ್ಳ್ ಹ್ಯಾಂಗ್ ಬದ್ಕೂದ್?” ಅವನು ತಿರುಗಿ ಅವರ ಮುಖ ನೋಡಿದ. ಆಗಷ್ಟೇ ಅವನಿಗೆ ಏನೋ ಹೊಳೆದಂತಿತ್ತು. “ಅಬ್ಬಿ ನಿನ್ನೆ ನಿಮ್ಮನೀಗ್ ಬಂದಿತ್ತಲ್ದಾ? ಅವ್ಳಿಗೂ ಹೇಳ್ರ್ಯಾ?”

ಉರಾಳರು ಹೌದೆಂದು ತಲೆಯಾಡಿಸಿದರು.

ಕಿಟ್ಟ ಕೈ ಎತ್ತಲಿಲ್ಲ. ಬೈಯಲೂ ಇಲ್ಲ. ನೆಲದ ಮೇಲಿನ ಬಲೆಯನ್ನು ಕಾಲಿನಿಂದ ಸ್ವಲ್ಪ ಸರಿಸಿದ. “ರಾತ್ರಿ ಉಣ್ಲಿಲ್ಲೆ ಅವ್ಳ್. ಹೊಟ್ಟೆ ಸಮ ಇಲ್ಲೆ ಅಂದೇಳಿ ಅಂದ್ಕಂಡೆ.” ಆಮೇಲೆ ಸಣ್ಣ ದನಿಯಲ್ಲಿ, “ಹೇಳ್ಕಿತ್ತ್ ಮಾಷ್ಟ್ರೆ. ಹನ್ನೆರ್ಡ್ ವರ್ಷದ ಹಿಂದೆ ಹೇಳ್ಕಿತ್ತ್. ನಿನ್ನೆ ಹೇಳಿದ್ ಅವ್ಳಿಗಲ್ಲ, ನಿಮಗ್ ಬೇಕಾಯಿ.”

ಕನ್ನಡಕವಿಲ್ಲದ ಕಣ್ಣಿಗೆ ಕಡಲು ಬರೀ ಬಿಳಿಯ ಉರಿಯಾಗಿ ಕಾಣುತ್ತಿತ್ತು. ಹನ್ನೆರಡು ವರ್ಷ ಹೊತ್ತದ್ದು ತನ್ನ ಪಾಪ ಎಂದು ತಿಳಿದಿದ್ದರು. ಈ ಮನೆಯವರು ಅದನ್ನು ತಮ್ಮ ಪಾಡಿಗೆ ಎತ್ತಿ, ತೊಳೆದು, ಒಂದು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಂಡು ಬದುಕಿದ್ದರು. ಉರಾಳರು ಬಂದು ಅದನ್ನು ಒಡೆದು ತಮ್ಮ ಪಾಲು ಕೇಳುತ್ತಿದ್ದರು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಸುಂದರಿಯ ದನಿ ಕೇಳಿಸಿತು. “ಹ್ವಾಯ್, ಮಾಷ್ಟ್ರ್! ಎಂತಕ್ಕೆ ಬಿಸ್ಲಂಗ್ ನಿಂತದ್ದ್? ಕಿಟ್ಟ, ಒಂದ್ ಬೊಂಡ ಕೆತ್ತ್ ಕಾಂಬ.”

ಕಿಟ್ಟ ಕತ್ತಿ ತರಲು ಹಿತ್ತಿಲಿಗೆ ಹೋದದ್ದೇ ಅವಳು ಅಕ್ಕಿಯ ಚೀಲವನ್ನು ಜಗಲಿಯ ಮೇಲಿಟ್ಟು ಹತ್ತಿರ ಬಂದಳು. ಒಂದು ದಿನದಲ್ಲಿ ಅವಳ ಮುಖ ಇಳಿದಿತ್ತು. “ಎಂತ ಹೇಳಿದ್ರಿ ಅವ್ನತ್ರ?”

“ಎಂತ ಇಲ್ಲ,” ಎಂದರು ಉರಾಳರು. ಎಷ್ಟು ಸಲೀಸಾಗಿ ಬಂತು ಅದು.

“ಹೇಳುಕಾಗ. ನಿಮ್ ಕಾಲಿಗ್ ಬೀಳ್ತೆ. ನಿನ್ನೆ ಹೆಣ್ಣ್ ನಿಮ್ಮನ್ ನಂಬ್ಲಿಲ್ಲೆ. ನಂಗ್ ಗೊತ್ತಾಯ್ತ್, ನೀವ್ ಖರೆ ಹೇಳಿದ್ದ್. ಅವತ್ ನಿಮ್ ಕೈ ಗಟ್ಟಿ ಇದ್ದಿತ್ತ್, ನಿನ್ನೆ ನಡ್ಗ್ತಾ ಇದ್ದಿತ್ತ್.” ಅವಳು ಹಿತ್ತಿಲ ಕಡೆ ಕಣ್ಣಿಟ್ಟೇ ಮಾತಾಡುತ್ತಿದ್ದಳು. “ಅಣ್ಣನ್ ಹತ್ರ ಆ ಮಾತ್ ಕೇಂಡದ್ದ್ ಇವ. ಏಳ್ ವರ್ಷದಿಂದ ಒಂದ್ ನೆಗಿ ಕಾಣ್ಲಿಲ್ಲೆ ಇವ್ನ್ ಮುಖದಂಗೆ. ಇಪ್ಪತ್ ರೂಪಾಯಿ ಅಂದೇಳಿ ಗೊತ್ತಾರೆ ಇವ ಉಳೀತಿಲ್ಲೆ. ಕಡ್ಲಿಗ್ ಹೋದವ ತಿರ್ಗಿ ಬತ್ತಿಲ್ಲೆ. ನಿಮ್ಗ್ ಪುಣ್ಯ ಬತ್ತ್, ಇವ್ನೆದ್ರಿಗ್ ಒಂದ್ಸಲ ಹೇಳಿ. ದೊಡ್ದೇ ಅಂದೇಳಿ. ರೇಟ್ ಹೇಳಿ.”

ಕಿಟ್ಟ ಎಳನೀರಿನ ಬೊಂಡ ಕೆತ್ತಿ ತಂದುಕೊಟ್ಟ. ಉರಾಳರು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಕುಡಿಯದೆ ನಿಂತರು. ಸುಂದರಿ ಒಳಗೆ ಹೋಗಿ ಡಬ್ಬಿ ತಂದು, ಬಿಲ್ಲೆಯನ್ನು ಅವರ ಎದುರು ಕುರ್ಚಿಯ ಮೇಲಿಟ್ಟು, ದನಿ ದೊಡ್ಡದು ಮಾಡಿ ಹೇಳಿದಳು: “ನಿನ್ನೆ ಮಾಷ್ಟ್ರಿಗೆ ಪುರ್ಸೊತ್ತಿಲ್ಲೆ, ಇವತ್ ಅವ್ರೇ ಬಂದ್ರ್ ಕಾಣ್. ಎಷ್ಟ್ ಬತ್ತ್ ಮಾಷ್ಟ್ರೆ ಇದ್ಕೆ?”

ಕಿಟ್ಟ ತಾಯಿಯನ್ನು ನೋಡಿದ. ಆಮೇಲೆ ಉರಾಳರನ್ನು. ಅವನ ಮುಖದಲ್ಲಿ ಏನೋ ಒಂದು ಬಂದು, ನಿಂತು, ಹೋಯಿತು. ಉರಾಳರು ಬೊಂಡವನ್ನು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು ಬಾಗಿ, ಬಿಲ್ಲೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಗೀರಿ ನೋಡಿದರು. ಈ ಆಟ ಅವರಿಗೆ ಬಾಯಿಪಾಠ. “ಐದ್ ಲಕ್ಷ,” ಎಂದರು.

ಕಲ್ಲಿನ ಗೋಡೆಗೆ ಒಂದು ತೆರೆ ಬಂದು ಬಡಿಯಿತು. ಕಿಟ್ಟ ತಲೆ ತಗ್ಗಿಸಿ, ಬಲೆಯ ಕಣ್ಣೊಂದನ್ನು ಬೆರಳಿನಿಂದ ಎಳೆಯುತ್ತ ಕೇಳಿದ: “ಅಷ್ಟೇಯಾ ಮಾಷ್ಟ್ರೆ?”

ಉರಾಳರು ಬಿಲ್ಲೆಯನ್ನು ಮಗುಚಿ ಹಿಡಿದರು.

“ಇನ್ನೊಂಚೂರ್ ಜಾಸ್ತಿ ಆತಿಲ್ಯಾ?” ಕಿಟ್ಟನ ದನಿ ಬಿರಿಯಿತು. “ಸಮ ಕಾಣಿ ಮಾಷ್ಟ್ರೆ. ಇನ್ನೊಂದ್ಸಲ ಕಾಣಿ.”

“ಹೌದ್, ಸಮ ಕಾಣಿ,” ಎಂದಳು ಸುಂದರಿ ಕೂಡ.

ಅವರು ಮತ್ತೆ ನೋಡಿದರು. “ಹತ್ತ್,” ಎಂದರು. ಇಬ್ಬರೂ ಇನ್ನೂ ಕಾಯುತ್ತಿದ್ದರು. “ಒಳ್ಳೇ ಗಿರಾಕಿ ಸಿಕ್ಕಿರೆ ಹದಿನೈದ್, ಇಪ್ಪತ್ತೂ ಅಕ್. ಇಂಥದ್ ಇನ್ನೊಂದ್ ಇಲ್ಲ.” ಸುಂದರಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. “ಕೇಂಡ್ಯಾ ಕಿಟ್ಟ?” ಎಂದಳು. “ಕೇಂಡೆ ಅಬ್ಬಿ,” ಎಂದ ಕಿಟ್ಟ, ಕ್ಲಾಸಿನಲ್ಲಿ ಒಳ್ಳೆಯ ಹುಡುಗ ಹೇಳುವ ಹಾಗೆ. “ಹಾಂಗಾರೆ ಮಾರೂದ್ ಬ್ಯಾಡ. ಹೆಣ್ಣಿನ್ ಹತ್ರ ಇರ್ಲಿ,” ಎಂದು ಅವಳು ಡಬ್ಬಿ ಮುಚ್ಚಿದಳು. ಅಕ್ಕಿಯ ಚೀಲ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಕ್ಕಿ ತೊಳೆಯುವ ನೀರಿನ ಸದ್ದು ಕೇಳಿಸಿತು.

ಕಿಟ್ಟ ರಸ್ತೆಯವರೆಗೆ ಜೊತೆಗೆ ಬಂದ. ಮಾಡಿದ್ದಕ್ಕೆ ಒಂದು ಮಾತು, ಒಂದು ತಲೆದೂಗು, ಏನಾದರೂ ಬರಬಹುದೆಂದು ಉರಾಳರ ಒಳಗಿನ ಯಾವುದೋ ಒಂದು ಇನ್ನೂ ಕಾಯುತ್ತಿತ್ತು. ಅದು ಕಾಯುತ್ತಿರುವುದು ಗೊತ್ತಾಗಿ ಅವರು ಅದನ್ನು ತುಳಿದರು, ಅದು ಮತ್ತೆ ಎದ್ದಿತು. ಕುಂದಾಪುರದ ಬಸ್ಸು ದೂರದಲ್ಲಿ ಕಂಡಾಗ ಕಿಟ್ಟ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದು ನಿಲ್ಲಿಸಿದ. ಅವರ ಚೀಲವನ್ನು ಇಸಿದುಕೊಂಡು, ಅವರು ಮೆಟ್ಟಿಲು ಹತ್ತಿ ನಿಂತ ಮೇಲೆ ಕೈಗೆ ಕೊಟ್ಟ. ಹಿರಿಯರಿಗೆ ಮಾಡಬೇಕಾದ ಹಾಗೆ ಎಲ್ಲವನ್ನೂ ಮಾಡಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದ:

“ಇನ್ ಇತ್ಲಾಗ್ ಬಪ್ಪುದ್ ಬ್ಯಾಡ ಮಾಷ್ಟ್ರೆ.”

ಕಂಡಕ್ಟರು ಸೀಟಿ ಊದಿದ.